ವೈದ್ಯ ಸಂಶೋಧನೆಯ ಪೋಷಣೆ

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತನ್ನು ಕುರಿತ ವಿಚಾರವನ್ನು ಅದರ ವಯಸ್ಸಿನಿಂದಲೇ ತೊಡಗುವುದು ಉಚಿತ. 1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂಬ ಹೆಸರಿನಿಂದ ಸ್ಥಾಪಿತವಾಗಿ, ಸ್ವಾತಂತ್ರ್ಯಾನಂತರ 1949ರಲ್ಲಿ ಈಗಿನ ಹೆಸರನ್ನು ತಳೆದ ಈ ಸಂಸ್ಥೆ, ಇದೇ ಉದ್ದೇಶಕ್ಕಾಗಿ ಇಂಗ್ಲೆಂಡಿನಲ್ಲಿ 1913ರಲ್ಲಿ ಹುಟ್ಟಿದ ಮೆಡಿಕಲ್ ರಿಸರ್ಚ್ ಕಮಿಟಿಗಿಂತ ಎರಡು ವರ್ಷ ಹಿರಿಯದು. ಆದುದರಿಂದ ರೋಗಗಳ ಶೋಧನೆಗೆ ಸರ್ಕಾರದ ಬೊಕ್ಕಸದಿಂದ ಹಣವೊದಗಿಸಬೇಕೆಂಬ ವಿವೇಕ ನಮ್ಮಲ್ಲಿ ತಡವಾಗಿ ಉದಿಸಿತೆಂದು ಯಾರೂ ದೂರುವಂತಿಲ್ಲ. ದೂರಬೇಕಾದ ಸಂಗತಿ ಬೇರೆ. ಶತಮಾನವನ್ನು ದಾಟಿ ಬಂದಿರುವ ಈ ಪೋಷಣೆಯ ಫಲವಾಗಿ, ಜಿಲ್ಲಾ ಕೇಂದ್ರವೊಂದರ ವೈದ್ಯಕೀಯ ಕಾಲೇಜಿನಲ್ಲಿ ಹೊರರೋಗಿಗಳ ದಟ್ಟಣೆಯ ನಡುವೆ ದಿನಗಳೆಯುವ ಸಾಮಾನ್ಯ ವೈದ್ಯನಿಗೆ, ತನ್ನ ಮನಸ್ಸಿನಲ್ಲೆದ್ದ ಪ್ರಶ್ನೆಯೊಂದನ್ನು ಹಿಡಿದು ಅದರ ಕೊನೆಮುಟ್ಟ ಹೋಗಿಬರುವ ಅನುಕೂಲ ಎಷ್ಟರಮಟ್ಟಿಗೆ ಒದಗಿದೆ ಎಂದು ವಿಚಾರಿಸಿದರೆ, ದೊರೆಯುವ ಉತ್ತರ ಸಮಾಧಾನಕರವಾದುದಲ್ಲ.

ಈ ಅನುಕೂಲವು ಹಣವೊಂದರಿಂದಲೇ ಆಗತಕ್ಕದ್ದಲ್ಲ. ಪರಿಷತ್ತು ಹುಟ್ಟುವುದಕ್ಕೆ ಮುಂಚಿನ ನಿದರ್ಶನವೊಂದು ಇದಕ್ಕುಂಟು. ಸೈನ್ಯದ ವೈದ್ಯನಾಗಿದ್ದ ರೊನಾಲ್ಡ್ ರಾಸ್ 1895ರಲ್ಲಿ ಬೆಂಗಳೂರಿಗೆ ಬಂದದ್ದು ಕಾಲರಾ ನಿವಾರಣೆಯ ವಿಶೇಷ ಕೆಲಸಕ್ಕಾಗಿ. ಮಲೇರಿಯಾವನ್ನು ಕುರಿತ ಅವನ ಶೋಧನೆ ಆ ಕೆಲಸದ ನಡುವೆ ಉಳಿದ ಬಿಡುವಿನಲ್ಲಿ ನಡೆಯಬೇಕಾಗಿತ್ತು. 1897ರ ಆಗಸ್ಟ್ ತಿಂಗಳಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ರೋಗಾಣುವನ್ನು ಕಣ್ಣಾರೆ ಕಂಡು ಹೆಚ್ಚು ದಿನ ಕಳೆಯುವುದರೊಳಗಾಗಿ, ಸರ್ಕಾರವು ಅವನನ್ನು ಮಲೇರಿಯಾ ವಿರಳವಾಗಿದ್ದ ರಾಜಪುತಾನದ ಖೇರವಾಡಕ್ಕೆ ವರ್ಗ ಮಾಡಿತು. ಮುಂದೆ 1902ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಪಾತ್ರನಾದ ಮನುಷ್ಯನ ಅವಸ್ಥೆಯಿದು. ಆಡಳಿತಕ್ಕೆ ಸಂಶೋಧಕನ ಮೇಲೆ ದ್ವೇಷವೇನೂ ಇರಲಿಲ್ಲ; ಅವನೊಬ್ಬ ಸಂಶೋಧಕನೆಂಬುದು ಅದರ ದಫ್ತರದಲ್ಲಿ ಎಲ್ಲಿಯೂ ನಮೂದಾಗಿರಲಿಲ್ಲ, ಅಷ್ಟೆ.

ಈಗಿನ ಸ್ಥಿತಿಯನ್ನು ಅಂಕಿಗಳಲ್ಲಿ ನೋಡಬಯಸುವವರು 2016ರಲ್ಲಿ ದೆಹಲಿಯ ಶಸ್ತ್ರವೈದ್ಯರಾದ ಸಮೀರನ್ ನಂದಿ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಮೀಕ್ಷೆಯನ್ನು ನೋಡಬೇಕು. 2005ರಿಂದ 2014ರವರೆಗಿನ ದಶಕದಲ್ಲಿ ದೇಶದ 579 ವೈದ್ಯಕೀಯ ಸಂಸ್ಥೆಗಳಿಂದ ಹೊರಬಂದ ಸಂಶೋಧನ ಲೇಖನಗಳನ್ನು ಅವರು ಎಣಿಸಿದರು. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನಗಳನ್ನು ಕೊಟ್ಟ ಸಂಸ್ಥೆಗಳು 25. ಹತ್ತು ವರ್ಷಗಳಲ್ಲಿ ಒಂದಾದರೂ ಲೇಖನ ಕಾಣಿಸದ ಸಂಸ್ಥೆಗಳು 332. ಖಾಸಗಿ ಕಾಲೇಜುಗಳು ಬಹುಸಂಖ್ಯೆಯಲ್ಲಿರುವ ಕರ್ನಾಟಕ ಮತ್ತು ಕೇರಳಗಳ ಪಾಡು ಎಲ್ಲಕ್ಕಿಂತ ಶೋಚನೀಯವೆಂದು ಆ ಸಮೀಕ್ಷೆ ಹೇಳಿತು. ಎಣಿಕೆಗೆ ಆಧಾರವಾದ ಸೂಚಿಯೊಳಗೆ ಸೇರದ ಪತ್ರಿಕೆಗಳಿವೆ, ಕಾಲೇಜುಗಳ ಹೆಸರನ್ನು ಬರೆಯುವ ರೀತಿ ಒಂದೇ ಸಮನಾಗಿರುವುದಿಲ್ಲ ಎಂದು ತಕರಾರು ತೆಗೆಯಬಹುದು, ಅದು ಅಯುಕ್ತವೂ ಅಲ್ಲ. ಆದರೂ ಆ ಶೂನ್ಯಗಳ ಅರ್ಧವನ್ನು ಮನ್ನಾ ಮಾಡಿದ ಮೇಲೆಯೂ ಉಳಿಯುವ ಶೂನ್ಯ ಸಣ್ಣದಲ್ಲ.

ಆಶ್ಚರ್ಯದ ಸಂಗತಿಯೆಂದರೆ, ಇದೇ ಕಾಲೇಜುಗಳಲ್ಲಿ ಪ್ರತಿವರ್ಷವೂ ಸ್ನಾತಕೋತ್ತರ ವಿದ್ಯಾರ್ಥಿಗಳು ತಲೆಗೊಂದರಂತೆ ಥೀಸಿಸ್ ಬರೆಯುತ್ತಾರೆ, ಬರೆಯದೆ ಎಂ.ಡಿ. ಇಲ್ಲ, ಎಂ.ಎಸ್. ಇಲ್ಲ. ಹೀಗಿರುವಾಗ ಸಂಶೋಧನೆಯೆಲ್ಲ ಹೋಯಿತೆಲ್ಲಿಗೆ? ಈ ಥೀಸಿಸ್ ಎಂಬ ಆಚಾರ ನಡೆಯುವ ಬಗೆಯನ್ನು ಬಲ್ಲವರಿಗೆ ಉತ್ತರವೂ ಗೊತ್ತು. ಪ್ರವೇಶ ದೊರೆತ ಕೆಲವೇ ತಿಂಗಳಲ್ಲಿ, ವಾರ್ಡಿನ ದಾರಿಯೇ ಇನ್ನೂ ಸರಿಯಾಗಿ ತಿಳಿಯದ ವಿದ್ಯಾರ್ಥಿ ಥೀಸಿಸ್ಸಿನ ರೂಪುರೇಖೆಯಾದ ಸಿನಾಪ್ಸಿಸ್ ಒಪ್ಪಿಸಬೇಕು. ಗೈಡ್ ಎನಿಸಿಕೊಂಡವರು ಸಜ್ಜನರೇ, ವಿದ್ವಾಂಸರೇ, ಆದರೆ ಓ.ಪಿ.ಡಿ., ಶಸ್ತ್ರಚಿಕಿತ್ಸೆ, ಪಾಠ, ತಪಾಸಣೆಗೆ ಬರುವವರ ಉಪಚಾರ ಇಷ್ಟೆಲ್ಲ ಮುಗಿದ ಮೇಲೆ ಅವರಲ್ಲಿ ಉಳಿಯುವ ಪುರುಸೊತ್ತು ಅತ್ಯಲ್ಪ. ಹಿಂದಿನ ವರ್ಷದ ಥೀಸಿಸ್ಸೊಂದನ್ನು ಮುಂದಿಟ್ಟುಕೊಂಡು ವಿಷಯವನ್ನು ಗೊತ್ತುಮಾಡುವುದೂ, ಎಷ್ಟು ಮಂದಿ ರೋಗಿಗಳು ಬೇಕೆಂಬ ಲೆಕ್ಕವನ್ನು ಸಿಕ್ಕಬಹುದಾದಷ್ಟು ಮಂದಿಯಿಂದ ಹಿಂದುಮುಂದಾಗಿ ಹೊಂದಿಸುವುದೂ, ಎಲ್ಲ ಮುಗಿದ ಮೇಲೆ ಕೊನೆಯ ತಿಂಗಳಲ್ಲಿ ಅಂಕಿಗಳ ಕಟ್ಟನ್ನು ಸಂಖ್ಯಾಶಾಸ್ತ್ರ ಬಲ್ಲವರೊಬ್ಬರ ಬಳಿಗೆ ಒಯ್ದು ಪಿ ವ್ಯಾಲ್ಯೂ ಬರಿಸಿಕೊಡಿರೆಂದು ಬೇಡುವುದೂ ಬಹುತೇಕ ಕಡೆಗಳಲ್ಲಿ ನಡೆದುಬಂದ ಸಂಪ್ರದಾಯ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನ ಬಳಿಗೆ ಬಂದರೆ ಅವನು ಮಾಡಿಕೊಡಬಲ್ಲದ್ದು ಮರಣೋತ್ತರ ಪರೀಕ್ಷೆಯನ್ನು ಮಾತ್ರವೆಂಬ ಅರ್ಥದ ಎಚ್ಚರಿಕೆಯನ್ನು ಸ್ವತಃ ಸಂಖ್ಯಾಶಾಸ್ತ್ರಜ್ಞನಾದ ಆರ್.ಎ. ಫಿಷರ್ ಕೊಟ್ಟದ್ದು 1938ರಲ್ಲಿ, ಅದೂ ನಮ್ಮ ಕಲ್ಕತ್ತೆಯಲ್ಲಿ ಕೂಡಿದ ಸಂಖ್ಯಾಶಾಸ್ತ್ರ ಸಮ್ಮೇಳನದಲ್ಲಿ. ನಮ್ಮ ನೆಲದ ಮೇಲೆ ನಿಂತು ಆಡಿದ ಆ ಮಾತು ನಮ್ಮ ಕಾಲೇಜುಗಳ ಹೊಸ್ತಿಲನ್ನು ಇನ್ನೂ ದಾಟಿಲ್ಲ.

ಈ ಕೊರತೆಗೆ ಮದ್ದೆಂದು ಅಧಿಕಾರಿಗಳು ಕಂಡುಕೊಂಡದ್ದು ಶಿಕ್ಷಣವನ್ನು. 2019ರಿಂದ ಪರಿಷತ್ತಿನ ಅಂಗವಾದ ಚೆನ್ನೈನ ರಾಷ್ಟ್ರೀಯ ಸೋಂಕುರೋಗಶಾಸ್ತ್ರ ಸಂಸ್ಥೆಯು ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಪಾಠಕ್ರಮವೊಂದನ್ನು ಆನ್‌ಲೈನಿನಲ್ಲಿ ನಡೆಸುತ್ತಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಅದು ಕಡ್ಡಾಯ. ಪಾಠಗಳು ಒಳ್ಳೆಯವೆಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ಪ್ರಶ್ನೆಯನ್ನು ಹೇಗೆ ರೂಪಿಸಬೇಕು, ಅಧ್ಯಯನದ ಬಗೆಗಳಾವುವು, ರೋಗಿಯ ಸಮ್ಮತಿಯನ್ನು ಹೇಗೆ ಪಡೆಯಬೇಕು ಎಂಬಿವನ್ನು ಅಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಆದರೆ ಸಾವಿರಾರು ಮಂದಿಗೆ ಒಂದೇ ಬಾರಿಗೆ ಹೇಳಿ, ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪರೀಕ್ಷೆಯಿಂದ ಅಳೆದು, ಪ್ರಮಾಣಪತ್ರ ಕೊಟ್ಟುಬಿಟ್ಟರೆ ಕರ್ತವ್ಯ ತೀರಿತೆಂದು ಭಾವಿಸುವುದಾದರೆ ಅದು ದಡದ ಮೇಲೆ ಕೂರಿಸಿ ಈಜು ಕಲಿಸಿದಂತಾದೀತು. ವಿದ್ಯಾರ್ಥಿಗೆ ತೊಡಕು ಬರುವುದು ಪಾಠ ಕೇಳುವಾಗಲಲ್ಲ. ತನ್ನದೇ ರೋಗಿಗಳ ಪೈಕಿ ಮೂರನೆಯ ಒಂದು ಪಾಲು ಮರುಭೇಟಿಗೆ ಬಾರದೆ ಹೋದಾಗ, ಎಥಿಕ್ಸ್ ಕಮಿಟಿ ಎತ್ತಿದ ಆಕ್ಷೇಪಣೆಗೆ ಏನೆಂದು ಉತ್ತರಿಸಬೇಕೆಂದು ತಿಳಿಯದಾದಾಗ. ಆ ಹೊತ್ತಿಗೆ ಯಾರನ್ನು ಕೇಳಬೇಕೆಂಬ ವಿಷಯದಲ್ಲಿ ಪ್ರಮಾಣಪತ್ರ ಮೌನವಾಗಿರುತ್ತದೆ. ಇದಕ್ಕೆ ಜೊತೆಯಾಗಿ, ಅಧ್ಯಾಪಕರ ಬಡ್ತಿಗೆ ಪ್ರಕಟಿತ ಲೇಖನಗಳನ್ನು ನಿಯಮದಿಂದ ಕಟ್ಟಿಹಾಕಿದ್ದರ ಪರಿಣಾಮವಾಗಿ, ಹಣ ತೆತ್ತರೆ ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳು ಕೊಬ್ಬಿದವೆಂಬುದು ವೈದ್ಯವಲಯದಲ್ಲಿ ಯಾರಿಗೂ ಗುಟ್ಟಲ್ಲ.

ಪರಿಷತ್ತಿನ ಎಲ್ಲ ಯೋಜನೆಗಳೂ ಇದೇ ಜಾತಿಯವೆಂದರೆ ಅನ್ಯಾಯವಾಗುತ್ತದೆ. ಎಂ.ಬಿ.ಬಿ.ಎಸ್. ವಿದ್ಯಾರ್ಥಿಗಳಿಗೆ ಅಧ್ಯಾಪಕರೊಬ್ಬರ ಕೆಳಗೆ ಎರಡು ತಿಂಗಳ ಸಣ್ಣ ಅಧ್ಯಯನ ನಡೆಸಲು ವಿದ್ಯಾರ್ಥಿವೇತನ ಕೊಡುವ ಯೋಜನೆ 1979ರಿಂದ ನಡೆಯುತ್ತಿದೆ. ಮೊತ್ತ ಅಲ್ಪವಾದರೂ ಕುತೂಹಲವನ್ನು ಎಳೆಯದರಲ್ಲೇ ಗುರುತಿಸುವ ಅದರ ಗುಣ ದೊಡ್ಡದು. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಲಂಡನ್ನಿನ ವೆಲ್ಕಮ್ ಟ್ರಸ್ಟೂ ಕೂಡಿ 2008ರಲ್ಲಿ ಆರಂಭಿಸಿದ ಇಂಡಿಯಾ ಅಲಯನ್ಸ್, ಆಯ್ದ ಸಂಶೋಧಕರಿಗೆ ಐದು ವರ್ಷಗಳ ನಿಶ್ಚಿಂತೆಯನ್ನು ಕೊಡುತ್ತದೆ. ಆದರೆ ಅದು ಆಯ್ದ ಕೆಲವರಿಗೆ.

ನಮ್ಮಲ್ಲಿ ಇದಕ್ಕಿಂತ ಮೇಲಾದ ಮಾದರಿಗಳೇ ಇಲ್ಲವೆ? ಇದ್ದವು, ಅವು ನಮ್ಮ ಮನೆಯ ಬಾಗಿಲಲ್ಲೇ ಇದ್ದವು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಸುತ್ತಣ ಹಳ್ಳಿಗಳ ಜನ ಜ್ವರದಿಂದ ಮಲಗತೊಡಗಿದಾಗ, ಪರಿಷತ್ತೂ ರಾಕ್‌ಫೆಲರ್ ಪ್ರತಿಷ್ಠಾನವೂ ಸೇರಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಬಂದರು. ಬಂದವರು ಮಾದರಿಗಳನ್ನು ಕಟ್ಟಿಕೊಂಡು ಹಿಂದಿರುಗಿ ಸುಮ್ಮನಾಗಲಿಲ್ಲ. ಸಾಗರದಲ್ಲಿ ಕ್ಷೇತ್ರಕೇಂದ್ರವೊಂದು ನೆಲೆಗೊಂಡಿತು; ಕಾಡಿನ ನೆಲದಿಂದ ಉಣುಗುಗಳನ್ನು ಹೆಕ್ಕುವವರು, ಸತ್ತ ಮಂಗದ ಸುದ್ದಿ ತರುವವರು, ಇಲಿ ಹೆಗ್ಗಣಗಳನ್ನು ಹಿಡಿಯುವವರು, ಬಂದದ್ದನ್ನೆಲ್ಲ ದಾಖಲಿಸುವವರು, ಪುಣೆಯಲ್ಲಿ ಪರೀಕ್ಷಿಸುವವರು, ಇಷ್ಟೂ ಜನ ಒಂದೇ ಪ್ರಶ್ನೆಯ ಸುತ್ತ ವರ್ಷಗಟ್ಟಲೆ ದುಡಿದರು. ಮೊದಲು ಹಳದಿ ಜ್ವರವಿರಬಹುದೆಂದು ಜಗತ್ತೇ ಹೆದರಿದ ರೋಗವು ಹೊಸದೊಂದು ವೈರಸ್ಸಿನದೆಂದೂ, ಅದನ್ನು ಹರಡುವುದು ಉಣುಗು ಎಂದೂ ತಿಳಿದುಬಂದದ್ದು ಈ ಪರಿಯ ನೆರವಿನಿಂದ. ಅದೇ ದಶಕದಲ್ಲಿ, 1956ರಲ್ಲಿ, ಮದರಾಸಿನಲ್ಲಿ ಪರಿಷತ್ತು, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧನಾ ಪರಿಷತ್ತು ಮತ್ತು ಮದರಾಸು ಸರ್ಕಾರ ಕೂಡಿ ಆರಂಭಿಸಿದ ಕ್ಷಯಚಿಕಿತ್ಸಾ ಕೇಂದ್ರವು, ಬಡವರು ಇಕ್ಕಟ್ಟಾದ ತಮ್ಮ ಮನೆಗಳಲ್ಲೇ ಇದ್ದು ಮಾತ್ರೆ ನುಂಗಿದರೂ ಸ್ಯಾನಟೋರಿಯಮ್ಮಿನಲ್ಲಿ ಮಲಗಿದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆಂಬುದನ್ನು 1959ರಲ್ಲಿ ತೋರಿಸಿಕೊಟ್ಟು, ಲೋಕದ ಕ್ಷಯಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿಂದ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋದ ದೇವವರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್‌ಸನ್, ಕ್ಷಯರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಆಗಲೇ ವೈದ್ಯರ ಬಳಿಗೆ ಹೋಗಿ ಬಂದವರೆಂದು 1963ರಲ್ಲಿ ಪ್ರಕಟಿಸಿದರು. ರೋಗಿ ಬರುವುದಿಲ್ಲವೆಂಬ ದೂರು ಅಂದಿಗೆ ಸುಳ್ಳಾಯಿತು, ಬಂದವನನ್ನು ಗುರುತಿಸದೆ ಕೆಮ್ಮಿನ ಔಷಧಿ ಕೊಟ್ಟು ಕಳುಹಿಸಿದ ಆಸ್ಪತ್ರೆಯ ತಪ್ಪು ಹೊರಬಿತ್ತು. ಈ ಮೂರರಲ್ಲಿಯೂ ಸಂಶೋಧಕನ ಪಕ್ಕದಲ್ಲಿ ಲೆಕ್ಕ ಬಲ್ಲವನಿದ್ದ, ಹಳ್ಳಿ ಬಲ್ಲವನಿದ್ದ, ಕಾಲಾವಕಾಶವಿತ್ತು.

ಆದರೆ ಆ ಅನುಗ್ರಹ ಊರೂರಿನ ಕಾಲೇಜುಗಳಿಗೆ ಇಳಿದು ಬರಲಿಲ್ಲ. ಇಂಥ ಕೇಂದ್ರ ಸಂಸ್ಥೆಗಳ ಆವರಣದೊಳಗೇ ನಿಂತಿತು. ಮಂಗನ ಕಾಯಿಲೆಯೆಂದು ಹೆಸರಾದ ಆ ಕ್ಯಾಸನೂರು ರೋಗದ ವಿಷಯದಲ್ಲಿಯೂ ಆ ಮೊದಲಿನ ತೀವ್ರತೆ ಉಳಿಯಲಿಲ್ಲ. ದಶಕಗಳ ಕಾಲ ಮಲೆನಾಡಿನಲ್ಲಿ ಚುಚ್ಚಿದ ಲಸಿಕೆಯ ರಕ್ಷಣೆ ದುರ್ಬಲವೆಂದು ಕಂಡು ಅದನ್ನು ಕೈಬಿಡಬೇಕಾಯಿತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಜನ ಸಾವುಗಳನ್ನು ಎಣಿಸುವ ಹೊತ್ತಿಗೆ, ರೋಗ ಕಂಡುಬಂದು ಅರವತ್ತು ವರ್ಷ ಮೀರಿತ್ತು.

ಊರೂರಿನ ವೈದ್ಯನಿಗೆ ಸಂಶೋಧನೆಯಲ್ಲಿ ನೆರವಿಲ್ಲದ ಈ ಕೊರತೆಯನ್ನು ಇಂಗ್ಲೆಂಡಿನವರು ಬೇರೊಂದು ಬಗೆಯಲ್ಲಿ ನೀಗಲು ಯತ್ನಿಸಿದ್ದಾರೆ. 2006ರಲ್ಲಿ ಸ್ಥಾಪಿತವಾದ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯು, ಅನುದಾನ ಹಂಚುವುದರ ಜೊತೆಗೆ, 2008ರಿಂದ ಪ್ರಾಂತ ಪ್ರಾಂತಗಳಲ್ಲಿ ಸಂಶೋಧನ ವಿನ್ಯಾಸದ ಸಲಹಾಕೇಂದ್ರಗಳನ್ನು ನಡೆಸಿತು. ಯಾವ ಊರಿನ ನರ್ಸಾಗಲಿ ವೈದ್ಯನಾಗಲಿ ಅರ್ಧ ಹುಟ್ಟಿದ ಪ್ರಶ್ನೆಯನ್ನು ಹೊತ್ತು ಹೋದರೂ ಅಲ್ಲಿ ಸಂಖ್ಯಾಶಾಸ್ತ್ರಜ್ಞರೂ ಅರ್ಥಶಾಸ್ತ್ರಜ್ಞರೂ ಶುಲ್ಕವಿಲ್ಲದೆ ಜೊತೆಗೆ ಕುಳಿತು ಅದಕ್ಕೆ ರೂಪ ಕೊಡುತ್ತಿದ್ದರು; ರೋಗಿಗಳ ಅಭಿಪ್ರಾಯ ಕೇಳುವುದೂ ಆ ಕೆಲಸದ ಭಾಗವಾಗಿತ್ತು. ಅದರಲ್ಲಿಯೂ ಕುಂದಿತ್ತು: ಅರ್ಜಿ ಹೋಗುವ ತನಕ ಹಿಡಿದ ಕೈಯನ್ನು ಅರ್ಜಿ ಹೋದ ಮೇಲೆ ಬಿಟ್ಟುಬಿಡುತ್ತಿದ್ದರು. 2023ರಲ್ಲಿ ಅದರ ಸ್ಥಾನಕ್ಕೆ ಬಂದ ಹೊಸ ವ್ಯವಸ್ಥೆಯು ಸಂಶೋಧನೆಯ ಎಲ್ಲ ಘಟ್ಟಗಳಿಗೂ ನೆರವನ್ನು ವಿಸ್ತರಿಸಿದೆ. ವರ್ಷಕ್ಕೆ ನೂರು ಕೋಟಿ ಪೌಂಡಿಗೂ ಮೇಲ್ಪಟ್ಟ ಹಣವುಳ್ಳ ಸಂಸ್ಥೆಯನ್ನು ನಾವು ಅನುಕರಿಸಲಾದೀತೆ ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಈ ಸಲಹಾಕೇಂದ್ರಗಳಿಗೆ ಬೇಕಾದದ್ದು ಯಂತ್ರವೂ ಅಲ್ಲ, ಕಟ್ಟಡವೂ ಅಲ್ಲ, ಸಂಬಳ ಪಡೆಯುವ ನಾಲ್ಕು ಜನ.

ನಮ್ಮ ಆಸ್ಪತ್ರೆಗಳಿಗೆ ಸಂಶೋಧನೆಯ ಯೋಗ್ಯತೆಯಿಲ್ಲವೆಂಬ ಮಾತನ್ನಂತೂ 2020ನೇ ಇಸವಿ ಸುಳ್ಳು ಮಾಡಿತು. ಕೋವಿಡ್‌ನಿಂದ ಗುಣವಾದವರ ಪ್ಲಾಸ್ಮಾವೇ ಸಂಜೀವಿನಿಯೆಂದು ದೇಶವೆಲ್ಲ ಅದನ್ನು ಹುಡುಕಿಕೊಂಡು ಅಲೆಯುತ್ತಿದ್ದಾಗ, ಪರಿಷತ್ತು ಸರ್ಕಾರಿ ಮತ್ತು ಖಾಸಗಿಯೆನ್ನದೆ 39 ಆಸ್ಪತ್ರೆಗಳನ್ನು ಕೂಡಿಸಿ, 464 ರೋಗಿಗಳಲ್ಲಿ ಪರೀಕ್ಷೆ ನಡೆಸಿ, ಅದರಿಂದ ಪ್ರಯೋಜನವಿಲ್ಲವೆಂಬ ಅಪ್ರಿಯ ಸತ್ಯವನ್ನು ಅದೇ ವರ್ಷದೊಳಗೆ ಲೋಕದ ಮುಂದಿಟ್ಟಿತು. ಒಂದೇ ವಿಧಾನ, ಒಂದೇ ಲೆಕ್ಕ, ಒಂದೇ ಮೇಲ್ವಿಚಾರಣೆ ಕೇಂದ್ರದಿಂದ ಒದಗಿದಾಗ ವಾರ್ಡಿನಲ್ಲಿದ್ದ ವೈದ್ಯರು ತಮ್ಮ ಪಾಲಿನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದರು. ಪರಿಷತ್ತು ತನ್ನ ಇತಿಹಾಸದಲ್ಲಿ ಮಾಡಿದ ಉತ್ತಮ ಕೆಲಸಗಳ ಪಂಕ್ತಿಯಲ್ಲಿ ಇದನ್ನು ನಾನು ಎಣಿಸುತ್ತೇನೆ.

ಹಣದ ಮಾತಿಗೆ ಬಂದರೆ, ಮೊತ್ತಕ್ಕಿಂತ ಅದು ಬರುವ ರೀತಿಯೇ ಹೆಚ್ಚು ಬಾಧಿಸುತ್ತದೆ. ಮಾರ್ಚ್ ಕೊನೆಗೆ ಖರ್ಚಾಗಬೇಕಾದ ಹಣವು ಚಳಿಗಾಲದಲ್ಲಿ ಕೈಸೇರಿದರೆ, ರೋಗವು ಮಳೆಗಾಲದ್ದಾದಲ್ಲಿ ಸಂಶೋಧಕ ಮಾಡುವುದೇನು? ಕಿರಿಯ ಸಂಶೋಧಕರ ಮಾಸಿಕ ವೇತನವನ್ನು 2023ರಲ್ಲಿ 31,000 ರೂಪಾಯಿಯಿಂದ 37,000ಕ್ಕೆ ಏರಿಸಿದ್ದು ನ್ಯಾಯವೇ. ಆದರೆ ಯೋಜನೆಯೊಂದರಲ್ಲಿ ಮೂರು ವರ್ಷ ಹಳ್ಳಿಹಳ್ಳಿ ತಿರುಗಿ ಕೆಲಸ ಕಲಿತ ಕ್ಷೇತ್ರಸಹಾಯಕಿ, ಆ ಯೋಜನೆ ಮುಗಿದ ಮರುದಿನ ನಿರುದ್ಯೋಗಿ. ಅವಳು ಕಲಿತದ್ದು ಅವಳೊಡನೆ ಹೊರಟುಹೋಗುತ್ತದೆ. ಮುಂದಿನ ಯೋಜನೆಗೆ ಬರುವವಳು ಮತ್ತೆ ಮೊದಲಿನಿಂದ ಕಲಿಯಬೇಕು.

ಕಾಲೇಜುಗಳ ವೈದ್ಯರಿಗೆ ಇಂಥ ನೆರವನ್ನು ಒದಗಿಸುವ ಕೆಲಸಕ್ಕೆ ದೆಹಲಿಯ ಅಪ್ಪಣೆಗಾಗಿ ಕಾಯಬೇಕಾದ ಕಾರಣ ನನಗೆ ಕಾಣುವುದಿಲ್ಲ. ಕರ್ನಾಟಕದ ಬಹುಪಾಲು ವೈದ್ಯಕೀಯ ಕಾಲೇಜುಗಳು 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆಶ್ರಯದಲ್ಲಿವೆ. ಥೀಸಿಸ್ಸುಗಳೆಲ್ಲ ಅಲ್ಲಿಗೇ ಹೋಗಿ ಸೇರುತ್ತವೆ. ಹೊಸ ಪ್ರಶಸ್ತಿಗಳನ್ನೂ ಕಾರ್ಯಾಗಾರಗಳನ್ನೂ ಒಂದೆರಡು ವರ್ಷ ತಡೆಹಿಡಿದು, ಪ್ರತಿಯೊಂದು ಸರ್ಕಾರಿ ಕಾಲೇಜಿಗೂ ಒಬ್ಬ ಸಂಖ್ಯಾಶಾಸ್ತ್ರಜ್ಞನನ್ನೂ ಅರ್ಜಿ, ಸಮ್ಮತಿಪತ್ರ, ಲೆಕ್ಕಪತ್ರಗಳಲ್ಲಿ ನೆರವಾಗುವ ಒಬ್ಬ ಅಧಿಕಾರಿಯನ್ನೂ ಕಾಯಂ ಹುದ್ದೆಯಲ್ಲಿ ಕೊಡಬೇಕು. ಮತ್ತು ಆ ಸಂಖ್ಯಾಶಾಸ್ತ್ರಜ್ಞನ ಸಹಿಯಿಲ್ಲದ ಸಿನಾಪ್ಸಿಸ್ಸನ್ನು ಸ್ವೀಕರಿಸಕೂಡದೆಂದು ವಿಶ್ವವಿದ್ಯಾಲಯ ವಿಧಿಸಬೇಕು.