ಒಂದು ಯೂನಿಟ್ ಕರೆಂಟು ಎಲ್ಲಿಂದ ಬಂತು?

ತಾಲ್ಲೂಕು ಮಟ್ಟದ ವಿಜ್ಞಾನ ವಸ್ತುಪ್ರದರ್ಶನವೊಂದಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಹತ್ತೊಂಬತ್ತು ಮೇಜುಗಳ ಪೈಕಿ ಏಳರ ಮೇಲೆ ಒಂದೇ ವಿಷಯ: ನವೀಕರಿಸಬಹುದಾದ ಮತ್ತು ನವೀಕರಿಸಲಾಗದ ಶಕ್ತಿಯ ಆಕರಗಳು. ಏಳೂ ಕಡೆ ಥರ್ಮಾಕೋಲಿನ ಗಾಳಿಯಂತ್ರ, ನೀಲಿ ಬಣ್ಣ ಬಳಿದ ಅಣೆಕಟ್ಟು, ಹಿಂದೆ ನೇತುಹಾಕಿದ ಚಾರ್ಟು. ಚಾರ್ಟಿನ ನಡುವೆ ಗೆರೆ. ಎಡಕ್ಕೆ ಹಸಿರು ಸ್ಕೆಚ್ ಪೆನ್ನಿನಲ್ಲಿ ‘ಅನುಕೂಲಗಳು’, ಬಲಕ್ಕೆ ಕೆಂಪಿನಲ್ಲಿ ‘ಅನಾನುಕೂಲಗಳು’. ಸೌರಶಕ್ತಿ: ಮುಗಿಯದ ಆಕರ, ಮಾಲಿನ್ಯವಿಲ್ಲ. ಕಲ್ಲಿದ್ದಲು: ಮುಗಿದುಹೋಗುತ್ತದೆ, ಹೊಗೆ ಬರುತ್ತದೆ. ಏಳು ಶಾಲೆಗಳ ಮಕ್ಕಳು ಬೇರೆಬೇರೆಯಾಗಿ ‘ಸಂಶೋಧನೆ’ ಮಾಡಿ ಅಕ್ಷರಶಃ ಒಂದೇ ವಾಕ್ಯಗಳಿಗೆ ಬಂದು ಮುಟ್ಟಿದ್ದರು.

ಒಂದು ಮೇಜಿನ ಬಳಿ ಒಂಬತ್ತನೇ ತರಗತಿಯ ಹುಡುಗಿ ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿದಳು. ಮುಗಿದ ಮೇಲೆ ಕೇಳಿದೆ: “ನಿಮ್ಮ ಮನೆಗೆ ತಿಂಗಳಿಗೆ ಎಷ್ಟು ಯೂನಿಟ್ ಕರೆಂಟ್ ಬೇಕಾಗುತ್ತಮ್ಮ?”

“ಬಿಲ್ ಸೊನ್ನೆ ಬರುತ್ತೆ ಸರ್.”

ತಪ್ಪು ಅವಳದಲ್ಲ. 2023ರಲ್ಲಿ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಬಿಲ್ಲಿನ ಕೊನೆಯ ಸಾಲನ್ನಷ್ಟೇ ನೋಡಿ ಮಡಚಿಡುತ್ತಾರೆ. ಆದರೆ ಯೂನಿಟ್ಟು ಆ ಚೀಟಿಯಲ್ಲೇ ಮುದ್ರಿತವಾಗಿರುತ್ತದೆ. ಅವಳ ಮಿಸ್ ಫೋನ್ ಮಾಡಿದರು. ಹತ್ತು ನಿಮಿಷದಲ್ಲಿ ಅಪ್ಪ ಬಿಲ್ಲಿನ ಫೋಟೊ ಕಳಿಸಿದರು: 58 ಯೂನಿಟ್. ಆ ಐವತ್ತೆಂಟನ್ನು ಇಟ್ಟುಕೊಂಡು ನಾವು ಮೂವರೂ ಮೇಜಿನ ಅಂಚಿನಲ್ಲಿ ಲೆಕ್ಕಕ್ಕೆ ಕೂತೆವು.

ನಮ್ಮ ದೇಶದ ಉಷ್ಣ ಸ್ಥಾವರಗಳಲ್ಲಿ ಒಂದು ಯೂನಿಟ್‌ಗೆ ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಕು. ಅಂದರೆ ಅವಳ ಮನೆಯ ಒಂದು ತಿಂಗಳಿಗೆ 40 ಕಿಲೊ. ನಮ್ಮ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಪಾಲು ಬೂದಿಯೇ ಆದ್ದರಿಂದ, ಸುಟ್ಟ ಮೇಲೆ ಹದಿಮೂರು ಕಿಲೊ ಬೂದಿ ಎಲ್ಲೋ ಒಂದು ಕಡೆ ಉಳಿಯುತ್ತದೆ. ಅದೇ ಕರೆಂಟು ಶರಾವತಿಯಿಂದ ಬಂದಿದ್ದರೆ? ಅಲ್ಲಿ ನೀರು ಸುಮಾರು 440 ಮೀಟರ್ ಎತ್ತರದಿಂದ ಇಳಿಯುತ್ತದೆ. ಅವಳ ಪುಸ್ತಕದಲ್ಲೇ ಇರುವ ಪ್ರಚ್ಛನ್ನ ಶಕ್ತಿಯ ಸೂತ್ರ ಹಾಕಿದರೆ, ಸಾವಿರ ಲೀಟರ್ ನೀರು ಬಿದ್ದರೆ, ನಷ್ಟ ಕಳೆದು, ಸುಮಾರು ಒಂದು ಯೂನಿಟ್. ಸಾವಿರ ಲೀಟರ್ ಎಂದರೆ ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕು. ತಿಂಗಳಿಗೆ 58 ಟ್ಯಾಂಕ್ ನೀರು. ಇನ್ನು ಬಿಸಿಲು: ಮನೆ ಮೇಲೆ ಒಂದು ಕಿಲೋವ್ಯಾಟ್ ಫಲಕ ಹಾಕಿದರೆ ದಿನಕ್ಕೆ ನಾಲ್ಕು ಯೂನಿಟ್ ಸಿಗುತ್ತದೆ, ಹದಿನೈದು ದಿನದ ಬಿಸಿಲು ಸಾಕು.

ಹುಡುಗಿ ಚಾರ್ಟಿನ ಕಡೆ ತಿರುಗಿಯೂ ನೋಡಲಿಲ್ಲ. “ಹಾಗಾದ್ರೆ ರಾತ್ರಿ, ಸರ್?” ಎಂದಳು.

ಆ ದಿನ ಆ ಸಭಾಂಗಣದಲ್ಲಿ ನಾನು ಕೇಳಿದ ಮೊದಲ ಸಂಶೋಧನೆಯ ಪ್ರಶ್ನೆ ಅದು.

ನಮ್ಮ ಶಾಲೆಗಳಲ್ಲಿ ‘ಹೋಲಿಸಿ’ ಎಂಬ ಮಾತಿಗೆ ‘ಪಟ್ಟಿ ಮಾಡಿ’ ಎಂಬ ಅರ್ಥ ಅಂಟಿಕೊಂಡಿದೆ. ಎರಡು ವಸ್ತುಗಳನ್ನು ಹೋಲಿಸಬೇಕಾದರೆ ಎರಡಕ್ಕೂ ಸಲ್ಲುವ ಒಂದು ಅಳತೆ ಬೇಕು. ಸಂತೆಗೆ ಹೋದ ಯಾವ ತಾಯಿಯೂ ಸೇರು ಲೆಕ್ಕದ ಅವರೆಯನ್ನು ಕಿಲೊ ಲೆಕ್ಕದ ತೊಗರಿಯ ಜೊತೆ ಹಾಗೇ ಹೋಲಿಸುವುದಿಲ್ಲ. ‘ಮಾಲಿನ್ಯವಿಲ್ಲ’ ಮತ್ತು ‘ದುಬಾರಿ’ ಎಂಬೆರಡು ಮಾತನ್ನು ಅಕ್ಕಪಕ್ಕ ಬರೆದರೆ ತೂಗಿದಂತಾಗುವುದಿಲ್ಲ. ಯಾವುದಕ್ಕೆ ಹೋಲಿಸಿದರೆ ದುಬಾರಿ, ಯಾರಿಗೆ ದುಬಾರಿ ಎಂದು ಕೇಳದೆ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಅಂಕ ಕೊಟ್ಟುಬಿಡುತ್ತೇವೆ. ಮಕ್ಕಳೂ ಅದಕ್ಕೆ ತಕ್ಕಷ್ಟೇ ಬರೆಯುತ್ತಾರೆ.

ಪಠ್ಯಪುಸ್ತಕವನ್ನು ಪೂರ್ತಿ ದೂರಲಾರೆ. ನಮ್ಮ ಹತ್ತನೇ ತರಗತಿಯ ಮಕ್ಕಳು ಎನ್‌ಸಿಇಆರ್‌ಟಿಯಿಂದ ಕನ್ನಡಕ್ಕೆ ಬಂದ ‘ಶಕ್ತಿಯ ಆಕರಗಳು’ ಅಧ್ಯಾಯವನ್ನು ಓದಿದವರು. ಅದರ ಕೊನೆಯಲ್ಲಿ ಬಹಳ ಒಳ್ಳೆಯ ಚಟುವಟಿಕೆಯೊಂದಿತ್ತು. ಕಲ್ಲಿದ್ದಲು ಇನ್ನೂ ಇನ್ನೂರು ವರ್ಷ ಬಾಳುವುದಾದರೆ ಅದು ಮುಗಿಯುತ್ತದೆಂಬ ಚಿಂತೆ ನಮಗೆ ಬೇಕೇ, ಏಕೆ ಬೇಕು ಅಥವಾ ಏಕೆ ಬೇಡ ಎಂದು ತರಗತಿಯಲ್ಲಿ ಚರ್ಚಿಸಿ, ಆ ಚರ್ಚೆಯ ಆಧಾರದ ಮೇಲೆಯೇ ಆಕರಗಳನ್ನು ವಿಂಗಡಿಸಲು ಅದು ಹೇಳುತ್ತಿತ್ತು. ವಿಂಗಡಣೆ ಚರ್ಚೆಯ ಫಲವಾಗಿ ಬರಬೇಕು ಎಂಬ ಈ ಕ್ರಮ ಸರಿಯಾದದ್ದು. ಶಾಲೆಗಳು ಇದನ್ನು ತಲೆಕೆಳಗು ಮಾಡಿದವು. ವಿಂಗಡಣೆಯನ್ನು ಮೊದಲ ದಿನವೇ ಬೋರ್ಡಿನ ಮೇಲೆ ಬರೆದುಕೊಟ್ಟು, ಚರ್ಚೆಯನ್ನು ‘ಪರೀಕ್ಷೆಗೆ ಬರಲ್ಲ’ ಎಂದು ಬಿಟ್ಟುಬಿಟ್ಟವು. 2023ರಲ್ಲಿ ಎನ್‌ಸಿಇಆರ್‌ಟಿ ಹೊರೆ ಇಳಿಸುವ ಹೆಸರಿನಲ್ಲಿ ಇಡೀ ಅಧ್ಯಾಯವನ್ನೇ ತನ್ನ ಪುಸ್ತಕದಿಂದ ತೆಗೆಯಿತು. ಅದು ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಭಾರವೆನಿಸಿದ್ದರೆ ವ್ಯಾಖ್ಯೆಗಳನ್ನು ತೆಗೆದು ಆ ಒಂದು ಚಟುವಟಿಕೆಯನ್ನು ಉಳಿಸಿಕೊಳ್ಳಬಹುದಿತ್ತು.

ಆ ಅಧ್ಯಾಯದ ನಿಜವಾದ ಕೊರತೆ ಬೇರೆಯದು: ಕನ್ನಡಕ್ಕೆ ಬಂದದ್ದು ಭಾಷೆ ಮಾತ್ರ, ಊರು ಬರಲಿಲ್ಲ. ಗಾಳಿಯ ಉದಾಹರಣೆ ಕನ್ಯಾಕುಮಾರಿಯದು. ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ರೆಕ್ಕೆಗಳನ್ನು ದಿನವೂ ನೋಡುವ ಮಗುವಿಗೂ ಅದೇ. ಮುಳುಗಡೆಯ ಉದಾಹರಣೆ ತೆಹ್ರಿ ಮತ್ತು ಸರ್ದಾರ್ ಸರೋವರದ್ದು. ಸಾಗರ, ಹೊಸನಗರದ ಮಕ್ಕಳ ಅಜ್ಜ-ಅಜ್ಜಿಯರು ಲಿಂಗನಮಕ್ಕಿಯ ಹಿನ್ನೀರಿಗೆ ಮನೆ, ಗದ್ದೆ, ತೋಟ ಬಿಟ್ಟು ಬಂದವರು. 1964ರಲ್ಲಿ ಅಣೆಕಟ್ಟು ಮುಗಿದು ಅರವತ್ತು ವರ್ಷ ದಾಟಿದರೂ ಎಷ್ಟೋ ಸಂತ್ರಸ್ತ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಅಲೆಯುತ್ತಿವೆ. ಅಂಥ ಮನೆಯ ಮಗುವೂ ತನ್ನ ಚಾರ್ಟಿನಲ್ಲಿ ಜಲವಿದ್ಯುತ್ತಿನ ಮುಂದೆ ‘ಪರಿಸರಸ್ನೇಹಿ’ ಎಂದು ಹಸಿರಿನಲ್ಲಿ ಬರೆಯುತ್ತದೆ. ಹಿತ್ತಲಲ್ಲಿ ಕೂತ ಅಜ್ಜಿಯನ್ನು ಯಾರೂ ಕೇಳುವುದಿಲ್ಲ. ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಮುಳುಗಡೆಯನ್ನು ಹತ್ತಿರದಿಂದ ಕಂಡ ನಾ. ಡಿಸೋಜ ‘ದ್ವೀಪ’ ಕಾದಂಬರಿ ಬರೆದರು, ಗಿರೀಶ ಕಾಸರವಳ್ಳಿ ಅದನ್ನು ಸಿನಿಮಾ ಮಾಡಿದರು. ವಿಜ್ಞಾನದ ಪ್ರಾಜೆಕ್ಟಿಗೆ ಅದೂ ಒಂದು ಆಕರವೇ ಎಂದು ಹೇಳುವ ಮೇಷ್ಟ್ರುಗಳು ಬೇಕು.

‘ನವೀಕರಿಸಬಹುದಾದದ್ದು ಒಳ್ಳೆಯದು, ನವೀಕರಿಸಲಾಗದ್ದು ಕೆಟ್ಟದ್ದು’ ಎಂಬ ಸರಳ ಪಾಠ ನಮ್ಮ ನಾಡಿನಲ್ಲಿ ಹೆಜ್ಜೆಹೆಜ್ಜೆಗೂ ಮುರಿಯುತ್ತದೆ. ಕೈಗಾ ಅಣುಸ್ಥಾವರದ ಯುರೇನಿಯಂ ನವೀಕರಿಸಲಾಗದ ಆಕರ. ಆದರೆ ಸ್ಥಾವರದಿಂದ ಹೊಗೆ ಬರುವುದಿಲ್ಲ, ಮತ್ತು ಅಲ್ಲಿನ ಮೊದಲ ಘಟಕ 2018ರ ಕೊನೆಯ ಹೊತ್ತಿಗೆ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ತ್ಯಾಜ್ಯವನ್ನು ತಲೆತಲಾಂತರ ಕಾಯಬೇಕು ಎಂಬುದೂ ಅಷ್ಟೇ ನಿಜ. ಸೌದೆ ಎಲ್ಲಿಗೆ ಸೇರುತ್ತದೆ? ಮರ ನೆಟ್ಟು ಕಡಿದರೆ ಒಂದು ಕಾಲಮ್ಮು, ನೆಡದೆ ಕಡಿದರೆ ಇನ್ನೊಂದು. ಪಾವಗಡದ ಸೋಲಾರ್ ಪಾರ್ಕಿಗೆ ಬನ್ನಿ: ಐದು ಹಳ್ಳಿಗಳ 13,000 ಎಕರೆ, 2,050 ಮೆಗಾವ್ಯಾಟ್. ಬರಗಾಲದ ಸೀಮೆಯ ರೈತರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ನಿಜವಾದ ಆಸರೆ. ಆದರೆ ಜಮೀನಿಲ್ಲದ ಕೂಲಿಯವರಿಗೆ, ಆ ಬಯಲಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ಪತ್ರವಿಲ್ಲ.

ಪಾವಗಡದಲ್ಲಿ ಇನ್ನೊಂದು ಪಾಠವೂ ಇದೆ. ಮಕ್ಕಳ ಚಾರ್ಟುಗಳಲ್ಲಿ ಪಾವಗಡ 2,050, ರಾಯಚೂರು ಉಷ್ಣ ಸ್ಥಾವರ 1,720 ಮೆಗಾವ್ಯಾಟ್ ಎಂದು ಬರೆದು ಪಾವಗಡವೇ ದೊಡ್ಡದು ಎಂದು ತೀರ್ಮಾನಿಸಿರುತ್ತಾರೆ. ಮೆಗಾವ್ಯಾಟ್ ಎಂಬುದು ಸಾಮರ್ಥ್ಯ, ಯೂನಿಟ್ ಎಂಬುದು ದುಡಿಮೆ. ಫಲಕ ದುಡಿಯುವುದು ಬಿಸಿಲಿದ್ದಾಗ. ಪಾವಗಡದಿಂದ ದಿನಕ್ಕೆ ಒಂದು ಕೋಟಿ ಯೂನಿಟ್‌ನ ಆಸುಪಾಸು ಸಿಗಬಹುದು. ರಾಯಚೂರು ಹಗಲೂ ರಾತ್ರಿ ಪೂರ್ತಿ ಓಡಿದರೆ ನಾಲ್ಕು ಕೋಟಿ. ಹಾಗೆಂದು ರಾಯಚೂರೇ ಮೇಲು ಎನ್ನುವ ಹಾಗಿಲ್ಲ. ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯಿಲ್ಲ, ಅದಕ್ಕೆ ಬೇಕಾದ ಪ್ರತಿ ಟನ್ನೂ ಹೊರಗಿನಿಂದ ರೈಲಿನಲ್ಲಿ ಬರಬೇಕು. ಇಷ್ಟನ್ನು ಹತ್ತನೇ ತರಗತಿಯ ಮಗು ಗುಣಾಕಾರದಿಂದಲೇ ಕಂಡುಕೊಳ್ಳಬಲ್ಲದು.

ಇಂಥ ಕಲಿಕೆಗೆ ಮಾದರಿ ಹುಡುಕಲು ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಘಟಕ ಕಟ್ಟಿದರು. ಅವರ ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರದ ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಯಾವ ಕೆಲಸಕ್ಕೆ ಯಾವ ಶಕ್ತಿ ಎಷ್ಟು ಬಳಕೆಯಾಗುತ್ತದೆ, ಸೌದೆ ತರಲು ಯಾರ ಎಷ್ಟು ಹೊತ್ತು ಹೋಗುತ್ತದೆ ಎಂದು ಲೆಕ್ಕ ಹಾಕಿತು. ಊರಿನ ಶಕ್ತಿಯಲ್ಲಿ ಬಹುಪಾಲು ಸೌದೆ, ಕರೆಂಟಿನ ಪಾಲು ತೀರಾ ಸಣ್ಣದು ಎಂದು ಆಗ ಗೊತ್ತಾಯಿತು. ಅಸ್ತ್ರ ಒಲೆಯೂ ಪುರ ಎಂಬ ಹಳ್ಳಿಯ ಸಾಮುದಾಯಿಕ ಗೋಬರ್ ಗ್ಯಾಸ್ ಸ್ಥಾವರವೂ ಬಂದದ್ದು ಇಂಥ ಕೆಲಸದ ಬೆನ್ನಲ್ಲೇ. ತಕ್ಕಡಿ, ಗಡಿಯಾರ, ನೋಟ್‌ಬುಕ್ಕು ಮತ್ತು ಕೇಳುವ ತಾಳ್ಮೆ ಇದ್ದರೆ ಅದರ ಒಂದು ಅಂಶವನ್ನು ಯಾವ ಸರ್ಕಾರಿ ಪ್ರೌಢಶಾಲೆಯಾದರೂ ಮಾಡಬಹುದು.

ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಸಿಲಬಸ್ ಮುಗಿಸಬೇಕು, ಆನ್‌ಲೈನ್ ಎಂಟ್ರಿ ಮಾಡಬೇಕು, ಬಿಸಿಯೂಟದ ಲೆಕ್ಕ ಬರೆಯಬೇಕು. ಆದರೂ ಎರಡು ಪೀರಿಯಡ್ ಸಾಕಾಗುವ ಕೆಲಸವಿದು. ಕೆಪಿಟಿಸಿಎಲ್‌ನ ಲೋಡ್ ಡಿಸ್ಪ್ಯಾಚ್ ಕೇಂದ್ರದ ಜಾಲತಾಣದಲ್ಲಿ ಯಾವ ಸ್ಥಾವರ ಈ ಕ್ಷಣ ಎಷ್ಟು ಉತ್ಪಾದಿಸುತ್ತಿದೆ ಎಂಬುದು ಕಾಣುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ಶಾಲೆಯಲ್ಲಿ ಒಮ್ಮೆ, ರಾತ್ರಿ ಎಂಟಕ್ಕೆ ಮನೆಯಲ್ಲಿ ಒಮ್ಮೆ ಬರೆದುಕೊಳ್ಳಲಿ. ‘ಹಾಗಾದ್ರೆ ರಾತ್ರಿ?’ ಎಂದ ಹುಡುಗಿಗೆ ಉತ್ತರ ಅಲ್ಲೇ ಸಿಗುತ್ತದೆ.

ಬಹುಮಾನದ ವಿಷಯಕ್ಕೆ ಬಂದರೆ, ಅವಳ ಮೇಜಿಗೆ ಮೊದಲನೆಯದು ಕೊಡಿ ಎಂದು ನಾನು ಶಿಫಾರಸು ಮಾಡಿದೆ. ಉಳಿದ ಇಬ್ಬರು ತೀರ್ಪುಗಾರರು ಒಪ್ಪಲಿಲ್ಲ. ಚಾರ್ಟು ಅಂದವಾಗಿಲ್ಲ ಎಂಬುದು ಅವರ ಕಾರಣ. ಪಕ್ಕದ ಮೇಜಿನ ಎಲ್‌ಇಡಿ ದೀಪದ ಗಾಳಿಯಂತ್ರಕ್ಕೆ ಬಹುಮಾನ ಹೋಯಿತು. ವಿಜ್ಞಾನ ಕಲಿಸುವ ಗೆಳೆಯರಲ್ಲಿ ನನ್ನದೊಂದು ವಿನಂತಿ: ಈ ವರ್ಷ ಈ ಪಾಠಕ್ಕೆ ಡ್ರಾಯಿಂಗ್ ಶೀಟ್ ತರಲು ಹೇಳಬೇಡಿ. ಪ್ರತಿ ಮಗುವೂ ಮನೆಯ ಕರೆಂಟ್ ಬಿಲ್ಲನ್ನು ತರಲಿ.