ಮಷಿನ್ ಬಂತು, ರಿಪೋರ್ಟ್ ಯಾವಾಗ?

ಸೋನಿ ಟೀವಿಯ ‘ಸಿಐಡಿ’ ನೋಡ್ಕೊಂಡು ಬೆಳೆದವರು ನಾವು. ಡಾಕ್ಟರ್ ಸಾಳುಂಖೆ ಟೆಸ್ಟ್ ಟ್ಯೂಬಿಗೆ ಬಣ್ಣದ ನೀರು ಹನಿಸಿದರೆ ಸಾಕು, ಮುಂದಿನ ಬ್ರೇಕಿನೊಳಗೆ ಕೊಲೆಗಾರ ಸಿಕ್ಕಿಬೀಳ್ತಿದ್ದ. ನಾವು ನಂಬಿದ್ವಿ, ಮಕ್ಕಳು. ಆದರೆ ಅಪರಾಧ ಪ್ರಯೋಗಾಲಯಗಳಿಗೆ ದುಡ್ಡು ಕೊಡುವವರೂ ಅದೇ ಸೀರಿಯಲ್ ನಂಬಿಕೊಂಡ ಹಾಗೆ ಕಾಣ್ತಾರಲ್ಲ, ನನ್ನ ತಕರಾರು ಅದು.

ಹೊಸೂರು ರಸ್ತೆಯಲ್ಲಿ, ಮಡಿವಾಳದ ಎಫ್‌ಎಸ್‌ಎಲ್ ಹತ್ತಿರ ನನ್ನ ಕ್ಯಾಬ್ ದಿನಾ ನಿಲ್ಲುತ್ತೆ (ಸಿಲ್ಕ್ ಬೋರ್ಡ್ ಕೃಪೆ). ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿಗಳಲ್ಲಿ ಪ್ರಾದೇಶಿಕ ಲ್ಯಾಬ್‌ಗಳಿವೆ. ಇಂಥ ಕಡೆ ಹೊಸ ಯಂತ್ರ ಬಂದಾಗಿನ ಸುದ್ದಿ ಓದಿ ನೋಡಿ. ‘ಅತ್ಯಾಧುನಿಕ’ ಅನ್ನೋ ಪದ, ಇಷ್ಟು ಕೋಟಿ ಅನ್ನೋ ಅಂಕಿ, ಟೇಪ್ ಕತ್ತರಿಸೋ ಫೋಟೋ. ಯಾರು ನಡೆಸ್ತಾರೆ, ಕೆಟ್ಟರೆ ಯಾರು ಬರ್ತಾರೆ, ಅದರ ಬಗ್ಗೆ ಒಂದು ಸಾಲು ಸಿಕ್ಕಿದರೆ ನಿಮ್ಮ ಪುಣ್ಯ.

ಆಫೀಸಲ್ಲಿ ನಾನು ಸರ್ವರ್ ಕೊಳ್ಳೋ ಟೀಮಿನಲ್ಲಿದ್ದೀನಿ. ಎಎಂಸಿ ಲೆಕ್ಕ ಇಲ್ಲದ ಪ್ರಪೋಸಲ್ ಒಯ್ದರೆ ಫೈನಾನ್ಸಿನವರು ಕೂರೋಕೂ ಹೇಳಲ್ಲ. ಡಿಎನ್‌ಎ ಲ್ಯಾಬಿನ ಕಥೆ ಅದಕ್ಕಿಂತ ಕಷ್ಟದ್ದು. ರಕ್ತದ ಕಲೆಯಿಂದ ಡಿಎನ್‌ಎ ಬೇರ್ಪಡಿಸಬೇಕು, ಎಷ್ಟಿದೆ ಅಂತ ಅಳೆಯಬೇಕು, ಪಿಸಿಆರ್‌ನಲ್ಲಿ ಅದರ ಕೆಲವು ಭಾಗಗಳ ಲಕ್ಷಾಂತರ ಪ್ರತಿ ತೆಗೀಬೇಕು. ಆ ದುಬಾರಿ ಜೆನೆಟಿಕ್ ಅನಲೈಸರ್‌ನ ಸರದಿ ಬರೋದು ಆಮೇಲೆ. ಒಂದೊಂದು ಹಂತಕ್ಕೂ ಕಿಟ್ ಬೇಕು, ಕಿಟ್ಟಿಗೆ ಎಕ್ಸ್‌ಪೈರಿ ಡೇಟ್ ಇದೆ. ಅನಲೈಸರಿನೊಳಗಿನ ಕೂದಲೆಳೆಯಂಥ ಕೊಳವೆಗಳು ಸವೆಯುತ್ತವೆ, ಬದಲಾಯಿಸ್ತಿರಬೇಕು. ವಿಷ, ಡ್ರಗ್ಸ್ ಪತ್ತೆ ಮಾಡೋ ಜಿಸಿ-ಎಂಎಸ್‌ಗೆ ಸಾಮಾನ್ಯವಾಗಿ ಹೀಲಿಯಂ ಸಿಲಿಂಡರ್ ಬೇಕು. ಇಷ್ಟೆಲ್ಲ ಆದರೂ ಬರೋದು ಒಂದು ಗ್ರಾಫ್. ಇಬ್ಬರು ಮೂವರ ಡಿಎನ್‌ಎ ಬೆರೆತಿದ್ದರೆ ಅದನ್ನು ಓದೋಕೆ ಪಳಗಿದ ಕಣ್ಣೇ ಬೇಕು. ಸಹಿ ಹಾಕಿದವರನ್ನು ನಾಳೆ ಕೋರ್ಟು ಪಾಟೀಸವಾಲಿಗೂ ಕರೆಯಬಹುದು. ಯಂತ್ರ ಒಂದು ಸಲದ ಖರ್ಚು. ಉಳಿದದ್ದೆಲ್ಲ ವರ್ಷ ವರ್ಷದ್ದು, ಅದಕ್ಕೆ ಯಾರೂ ಟೇಪ್ ಕಟ್ಟಲ್ಲ.

ಈಗ ಕಾನೂನೂ ಬದಲಾಗಿದೆ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, 7 ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಲೇಬೇಕು. ಇದಕ್ಕೆ ಸಜ್ಜಾಗೋಕೆ ರಾಜ್ಯಗಳಿಗೆ 5 ವರ್ಷದವರೆಗೆ ಟೈಮ್. ಜಾರಿಗೆ ಕೆಲವೇ ದಿನ ಮುಂಚೆ ಕೇಂದ್ರ ಸಂಪುಟ 2,254.43 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಒಳ್ಳೇದೇ. ಆದರೆ ಅದು ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳಿಗೆ, ಹೊಸ ಕೇಂದ್ರೀಯ ಪ್ರಯೋಗಾಲಯಗಳಿಗೆ. ಕಲಬುರಗಿಯ ಲ್ಯಾಬಿನ ಕಿಟ್ ಖರ್ಚು ಅದರಲ್ಲಿಲ್ಲ. ಸಂಗ್ರಹ ಹೆಚ್ಚಿಸಿ ಪರೀಕ್ಷೆ ಹೆಚ್ಚಿಸದಿದ್ದರೆ ಏನಾಗುತ್ತೆ? ಗೋಡೌನ್ ತುಂಬುತ್ತೆ.

ಹೀಗೆಂದರೆ ‘ಹಾಗಾದ್ರೆ ಯಂತ್ರವೇ ಬೇಡ್ವಾ?’ ಅಂತ ಕೇಳ್ತಾರೆ. ಬೇಕು ಸ್ವಾಮಿ. ಆದರೆ ಎರಡು ಕೊಳ್ಳೋ ದುಡ್ಡಿದ್ದರೆ ಒಂದು ಕೊಳ್ಳಿ, ಮಿಕ್ಕಿದ್ದನ್ನು ಕಿಟ್ಟಿಗೆ, ರಿಪೇರಿಗೆ, ಖಾಯಂ ವಿಜ್ಞಾನಿಗಳಿಗೆ ಇಡಿ. ಫೋಟೋ ಚೆನ್ನಾಗಿ ಬರಲ್ಲ, ಅಷ್ಟೇ.

ವಕೀಲೆಯಾಗಿರೋ ಗೆಳತಿಯೊಬ್ಬಳ ಕಕ್ಷಿದಾರ, 22ರ ಹುಡುಗ. ಬ್ಯಾಗಲ್ಲಿ ಪುಡಿ ಸಿಕ್ಕಿತು ಅಂತ ಎನ್‌ಡಿಪಿಎಸ್ ಕೇಸು. ವಾಣಿಜ್ಯ ಪ್ರಮಾಣ ಅಂದಮೇಲೆ ಜಾಮೀನು ಎಷ್ಟು ಕಷ್ಟ ಗೊತ್ತಲ್ಲ. ಆ ಪುಡಿ ಏನು ಅಂತ ಹೇಳಬೇಕಾದ ಕಾಗದ ತಿಂಗಳುಗಟ್ಟಲೆ ಬರಲಿಲ್ಲ. ಅವನು ತಪ್ಪಿತಸ್ಥನೋ ಅಲ್ಲವೋ, ನಂಗೊತ್ತಿಲ್ಲ. ಅವಳಿಗೂ ಗೊತ್ತಿರಲಿಲ್ಲ. ಆ ಕಾಗದ ಬೇಕಿದ್ದದ್ದೇ ಅದಕ್ಕೆ. ಪೋಕ್ಸೋ ಕೇಸಲ್ಲಾದರೆ ಹೀಗೇ ಕಾಯೋದು ಒಂದು ಮಗು, ಅದರ ಅಮ್ಮ.

ಮೊನ್ನೆ ಮಡಿವಾಳದಲ್ಲಿ ಕ್ಯಾಬ್ ನಿಂತಾಗ ಬಿಎಂಟಿಸಿ ಬಸ್ಸಿಂದ ಒಬ್ಬರು ಕಾನ್‌ಸ್ಟೇಬಲ್ ಇಳಿದರು. ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಹೊಲಿದ, ಅರಗಿನ ಸೀಲ್ ಹಾಕಿದ ಪೊಟ್ಟಣ. ಮಗು ಎತ್ತಿಕೊಂಡ ಹಾಗೆ ಎದೆಗೆ ಒತ್ತಿಕೊಂಡು ರಸ್ತೆ ದಾಟೋಕೆ ಕಾಯ್ತಿದ್ದರು. ಸಿಗ್ನಲ್ ಬಿಡ್ತು, ನಾವು ಹೊರಟ್ವಿ. ಅವರು ಇನ್ನೂ ಅಲ್ಲೇ ನಿಂತಿದ್ದರು.