ಗೇಣಿಚೀಟಿನಲ್ಲಿ ಬರೆದ ಹಣೆಬರಹ

ಕೊಡಗಿನ ಬೆಟ್ಟದಲ್ಲಿ ಹುಟ್ಟಿದ ಪಯಸ್ವಿನಿ ಸುಳ್ಯ ಸೀಮೆಯನ್ನು ದಾಟಿ, ದೇಲಂಪಾಡಿ, ಆದೂರುಗಳ ಕಡೆ ಹರಿದು, ಚಂದ್ರಗಿರಿ ಎನಿಸಿಕೊಂಡು ಕಾಸರಗೋಡಿನ ಬಳಿ ಕಡಲು ಸೇರುತ್ತದೆ. ಕೇರಳದ ದೇಲಂಪಾಡಿಯವರಿಗೆ ಪುತ್ತೂರು, ಸುಳ್ಯ ಇವತ್ತು ಬೇರೆ ರಾಜ್ಯ. 1956ರವರೆಗೆ ಎಲ್ಲವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಒಂದೇ ಗೇಣಿ ಪದ್ಧತಿ. ಮೂಲಗೇಣಿಯವನಿಗೆ ನೆಲದ ಮೇಲೆ ಒಂದಿಷ್ಟು ಹಿಡಿತವಿತ್ತು. ಚಾಲಗೇಣಿಯವನನ್ನು ಧಣಿ ಎಬ್ಬಿಸಬಹುದಿತ್ತು. ಅವರ ಕೆಳಗೆ, ಗೇಣಿಯ ಕನಸನ್ನೂ ಕಾಣಬಾರದ ಮೂಲದಾಳುಗಳು. ಈ ಸೀಮೆಯ ಕನ್ನಡ ಕಥನದಲ್ಲಿ ವಿಧಿ ಆಕಾಶದಿಂದ ಇಳಿಯುವುದಿಲ್ಲ, ಈ ಮೆಟ್ಟಿಲುಗಳಿಂದ ಇಳಿಯುತ್ತದೆ.

ಶಿವರಾಮ ಕಾರಂತರ 'ಚೋಮನ ದುಡಿ' (1933) ಅದರ ಮೊದಲ ದೊಡ್ಡ ಸಾಕ್ಷಿ. ಸ್ವಂತಕ್ಕೆ ಉಳಲು ತುಂಡು ನೆಲ ಬೇಕೆಂಬುದೊಂದೇ ಮೂಲದಾಳು ಚೋಮನ ಆಸೆ. ಧಣಿ ಸಂಕಪ್ಪಯ್ಯನಿಗೆ ಕೊಡುವ ಮನಸ್ಸಿಲ್ಲವೆಂದಲ್ಲ. ತಾಯಿ ಒಪ್ಪುವುದಿಲ್ಲ, ಅವನು ಸುಮ್ಮನಾಗುತ್ತಾನೆ. ಸಾಲ ತೀರಿಸಲು ಮಕ್ಕಳು ಕಾಫಿ ತೋಟಕ್ಕೆ ಹೋಗಬೇಕಾಗುತ್ತದೆ. ಒಬ್ಬ ಮಗ ಜ್ವರ ಹೊತ್ತು ಬಂದು ಸಾಯುತ್ತಾನೆ, ಇನ್ನೊಬ್ಬ ಮರಳುವುದೇ ಇಲ್ಲ. ಕೊನೆಗೆ ಸಾಲ ಚುಕ್ತಾ ಆಗುವುದು ಮಗಳು ಬೆಳ್ಳಿಯ ಮೈಯ ಲೆಕ್ಕದಲ್ಲಿ. ಚೋಮ ಇದನ್ನು ಹಣೆಬರಹ ಎನ್ನಬಹುದು. ಕಾರಂತರು ಮಾತ್ರ ಆ ಬರಹ ಯಾರ ಕೈಯದೆಂದು ಒಂದೊಂದೇ ಸಾಲಾಗಿ ತೋರಿಸುತ್ತಾರೆ.

ಅಮೆರಿಕದಲ್ಲಿ ಹ್ಯಾಮ್ಲಿನ್ ಗಾರ್ಲಂಡ್ 1891ರ ಸಂಕಲನದ 'ಅಂಡರ್ ದಿ ಲಯನ್ಸ್ ಪಾ' ಕಥೆಯಲ್ಲಿ ಇಂಥದೇ ಲೆಕ್ಕ ಬಿಡಿಸಿದ್ದ. ಪಾಳುಬಿದ್ದ ಜಮೀನನ್ನು ಗೇಣಿಗೆ ಹಿಡಿದ ಹ್ಯಾಸ್ಕಿನ್ಸ್ ಮನೆಮಂದಿಯೆಲ್ಲ ದುಡಿದು ಅದನ್ನು ಹಸನು ಮಾಡುತ್ತಾನೆ. ಕೊಳ್ಳಲು ಹೋದರೆ 2,500 ಡಾಲರಿನ ನೆಲಕ್ಕೆ ಒಡೆಯ 5,500 ಕೇಳುತ್ತಾನೆ. ಬೆಲೆ ಏರಿಸಿದ್ದು ಹ್ಯಾಸ್ಕಿನ್ಸನ ಬೆವರೇ! ಒಡೆಯನನ್ನು ಕೊಲ್ಲಲು ಎತ್ತಿದ ಕೈ ಪುಟ್ಟ ಮಗಳ ನಗು ಕೇಳಿ ಇಳಿಯುತ್ತದೆ. ಅವನು ಸಾಯುವುದಿಲ್ಲ, ನಾಳೆಯೂ ಅದೇ ನೆಲದಲ್ಲಿ, ಆ ಬೆಲೆ ತೀರಿಸಲು ದುಡಿಯಬೇಕು.

ನಮ್ಮ ಪರಂಪರೆ ಸೋಲುವುದು ಇಲ್ಲಿ: ಅದು ನೊಂದವರನ್ನು ಸಾವಿನಲ್ಲಿ ಮುಗಿಸಿಬಿಡುತ್ತದೆ. ಚೋಮ ಎತ್ತುಗಳನ್ನು ಬಿಟ್ಟು ದುಡಿ ಬಾರಿಸುತ್ತ ಸಾಯುತ್ತಾನೆ. ನಿರಂಜನರ 'ಕೊನೆಯ ಗಿರಾಕಿ'ಯ ಮೂಕ ಹುಡುಗಿ ಕಾಣಿ ಕೈಯಿಂದ ಕೈಗೆ ದಾಟಿ, ಕೊನೆಗೆ ರಣಹದ್ದಿನ ಪಾಲಾಗುತ್ತಾಳೆ. ಆ ಕಥೆಯ ಶಕ್ತಿಯನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹದ್ದು ಇಳಿದ ಮೇಲೆ ಓದುಗ ಬೆಚ್ಚುತ್ತಾನೆ, ಅವಳನ್ನು ಮಾರಿದವರನ್ನು ಮರೆಯುತ್ತಾನೆ. ಅದೇ ನಿರಂಜನರು 'ಚಿರಸ್ಮರಣೆ'ಯಲ್ಲಿ (1955) ಕಯ್ಯೂರಿನ ರೈತರ ಹೋರಾಟಕ್ಕೆ ಕೈ ಹಾಕಿದಾಗ ಸಾವಿನ ಅರ್ಥವೇ ಬೇರೆಯಾಯಿತು. 1943ರ ಮಾರ್ಚ್ 29ರಂದು ನಾಲ್ವರು ಗಲ್ಲಿಗೇರಿದ್ದು ಚರಿತ್ರೆ. ಅಲ್ಲಿ ವಿಧಿಗೆ ಹೆಸರಿದೆ, ಅದಕ್ಕೆದುರಾಗಿ ಸಂಘವೂ ಇದೆ.

ಕೇರಳದಲ್ಲಿ 1970ರಲ್ಲಿ, ಕರ್ನಾಟಕದಲ್ಲಿ 1974ರಲ್ಲಿ ಗೇಣಿ ಪದ್ಧತಿಗೆ ಕಾನೂನು ಕೊನೆ ಹಾಡಿತು. ಸಾರಾ ಅಬೂಬಕ್ಕರ್ ಬರೆಯತೊಡಗಿದ್ದು ಆ ಬಳಿಕ, ಯಾವ ಭೂಸುಧಾರಣೆಯೂ ಮುಟ್ಟದ ಮನೆಯೊಳಗನ್ನು. ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾಳ ಬದುಕು ಒಡೆಯುವುದು ತಂದೆ ಮಹಮ್ಮದ್ ಖಾನ್ ಮತ್ತು ಅಳಿಯ ರಶೀದನ ನಡುವಿನ ಹಣದ ಮನಸ್ತಾಪದಿಂದ. ಅವಳಿಗೆ ತಲಾಖ್ ಬೇಕಿರಲಿಲ್ಲ. ಮತ್ತೆ ಗಂಡನನ್ನು ಸೇರಬೇಕಾದರೆ ಒಂದು ರಾತ್ರಿ ಬೇರೊಬ್ಬನ ಹೆಂಡತಿಯಾಗಬೇಕೆನ್ನುತ್ತಾರೆ. ಧರ್ಮದ ಹೆಸರಿನಲ್ಲಿ ಬಂದ ವಿಧಿಯ ಹಿಂದೆ ಬಡತನ, ಗಂಡಸಿನ ಹಟ ಎರಡನ್ನೂ ಸಾರಾ ಹಿಡಿದು ನಿಲ್ಲಿಸುತ್ತಾರೆ. ಈ ಪರಂಪರೆಯಲ್ಲಿ ಇಷ್ಟು ನಿರ್ಭಯವಾದ ಕೃತಿ ಅಪರೂಪ. ಆದರೂ ನಾದಿರಾಳೂ ಮಸೀದಿಯ ಕೊಳದಲ್ಲೇ ಮುಗಿಯುತ್ತಾಳೆ. ಬೊಳುವಾರು ಮಹಮದ್ ಕುಂಞಿಯವರ ಕಥೆಗಳ ಮುತ್ತುಪ್ಪಾಡಿ ಊರಿನ ಜನ ಹಾಗಲ್ಲ: ಜಗಳವಾಡಿ, ರಾಜಿಯಾಗಿ, ಮರುದಿನವೂ ಅದೇ ಓಣಿಯಲ್ಲಿ ಮುಖಾಮುಖಿಯಾಗುತ್ತಾರೆ. ಕಾರಂತರಷ್ಟು ಖಚಿತವಾಗಿ ಲೆಕ್ಕ ಬಿಡಿಸಿ, ಹ್ಯಾಸ್ಕಿನ್ಸನಂತೆ ಬದುಕಿ ಉಳಿದವರ ಕಥೆ ಹೇಳಲು ಈ ಹೊಳೆಯ ಎರಡೂ ದಡದಲ್ಲಿ ಬೇಕಾದಷ್ಟು ಜಾಗವಿದೆ.